ಟೋಪಿಯವನ ಗಮಕ

ಆ ಭಾನುವಾರ ನಾನು ಕೆಳಗಿಳಿದು ಬರುವಷ್ಟರಲ್ಲಿ ಅಪ್ಪನ ಒಡಹುಟ್ಟಿದ ಸರೋಜತ್ತೆ ಸ್ನಾನ ಮುಗಿಸಿ, ತಮ್ಮ ಹಾಸಿಗೆ ಸರಿಮಾಡಿ, ಅಡುಗೆಮನೆಯ ಕಿಟಕಿ ಹತ್ತಿರ ಕೂತಿದ್ದರು. ಅವರು ಸರಿಮಾಡಿದ ಹಾಸಿಗೆಯನ್ನು ನೋಡುವುದೇ ಒಂದು ಚಂದ. ಚಾದರದ ಮೂಲೆಗಳನ್ನು ಲಕೋಟೆಯ ಬಾಯಿಯ ಹಾಗೆ ಮಡಚಿ ಒಳಗೆ ಸೇರಿಸಿರುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿನಿಂದಲೂ ಆಸ್ಪತ್ರೆ ಮಡಿಕೆ ಎಂದೇ ಹೆಸರು. ನಾನು ಡಿಕಾಕ್ಷನ್ ಇಳಿಸಿ, ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಅತ್ತೆ ಕಾಫಿ ಕುಡಿಯುವುದಿಲ್ಲ. ಕಪ್ಪಿಗೆ ಮೊದಲು ಹಾಲು ಹಾಕಿ ಆಮೇಲೆ ಟೀ ಸುರಿದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಕಲಿತ ಕ್ರಮ, ಎಂಬತ್ತು ದಾಟಿದ ಮೇಲೂ ಬಿಟ್ಟಿಲ್ಲ. ಸೊಂಟದಲ್ಲಿ ಎಂದಿನಂತೆ ಕೀಲಿಕೈ ಗೊಂಚಲು. ಬೀಗಗಳೆಲ್ಲ ದಾವಣಗೆರೆಯಲ್ಲಿ, ಕೀಲಿಕೈಗಳು ಮಾತ್ರ ಇಲ್ಲಿ ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಅಂತ ನನ್ನ ಗಂಡ ದಿನಾ ಚೇಷ್ಟೆ ಮಾಡುತ್ತಾರೆ. ಆ ಗೊಂಚಲಿನಲ್ಲಿ ಒಂದು ದಪ್ಪ ಹಿತ್ತಾಳೆ ಬಿಲ್ಲೆಯೂ ಇದೆ, ನಡುವೆ ಸಣ್ಣ ತೂತಿನದು. ಹಳೇ ತಕ್ಕಡಿಯ ತೂಕದ ಬಟ್ಟು ಇರಬೇಕು ಎಂದು ನಾನು ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಅತ್ತೆ ಓಡಾಡಿದರೆ ಅದು ಕೀಲಿಗಳಿಗೆ ತಾಗಿ ಟಿಣ್ ಅನ್ನುತ್ತದೆ. ನನಗೆ ಆ ಸದ್ದು ಕೇಳಿದರೆ ಸಾಕು, ಮನೆಯಲ್ಲಿ ಎಲ್ಲರೂ ಇದ್ದಾರೆ ಅನಿಸುತ್ತದೆ.

ನನ್ನ ಮಗಳು ಮೇಘಾ ಹಿಂದಿನ ದಿನ ತಾನಿರುವ ವೆಸ್ಟ್‌ಮಂಟಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು, ಹಿಂದಿನ ಸೀಟಿನಲ್ಲಿ ಒಂದು ರೆಕಾರ್ಡ್ ಪ್ಲೇಯರಿಗೆ ಸೀಟ್ ಬೆಲ್ಟ್ ಕಟ್ಟಿಕೊಂಡು. ಅತ್ತೆ ಊರಿಂದ ಬರುವಾಗ ಎರಡು ಇಳಕಲ್ ಸೀರೆಗಳ ನಡುವೆ ಒಂದೇ ಒಂದು ರೆಕಾರ್ಡು ತಂದಿದ್ದರು. ಅದನ್ನು ಹಾಡಿದವನು ಇನ್ನೂ ಇದ್ದಾನೆ, ಆ್ಯನ್ ಆರ್ಬರಿನ ಒಂದು ಸಣ್ಣ ಹಾಲಿಗೆ ಹಾಡಲು ಬರುತ್ತಿದ್ದಾನೆ ಎಂದು ಮೇಘಾ ಎಲ್ಲೋ ಓದಿ ಟಿಕೆಟ್ ತೆಗೆದುಬಿಟ್ಟಿದ್ದಳು. ಕಾರ್ಯಕ್ರಮ ಮಧ್ಯಾಹ್ನ. ಪಕ್ಕದ ಮನೆಯ ಶಾಂತಕ್ಕ, ಧಾರವಾಡದವರು, ರಿಟೈರಾದ ಡಾಕ್ಟರು, ಹುಲ್ಲಿಗೆ ನೀರು ಬಿಡುತ್ತಾ ಬೇಲಿಯಾಚೆಯಿಂದಲೇ ನನ್ನ ಇಡ್ಲಿ ತಟ್ಟೆಗಳನ್ನು ಸಂಜೆ ತಂದುಕೊಡುವುದಾಗಿ ಹೇಳಿದರು. ಎಲ್ಲಿಗೆ ಹೊರಟಿದ್ದೀರಿ ಅಂದಾಗ ಅತ್ತೆ, ನನ್ನ ಹಳೇ ಸ್ನೇಹಿತನ್ನ ನೋಡೋದಕ್ಕೆ ಅಂದು ನಕ್ಕರು. ನನಗೆ ನಗು ಬರಲಿಲ್ಲ. ಹೋದ ತಿಂಗಳು ಮೇಘಾ ಆ ಹಾಡನ್ನು ಫೋನಿನಲ್ಲಿ ಹಾಕಿ ನನಗೊಬ್ಬಳಿಗೆ ಕೇಳಿಸಿದ್ದಳು. ಅವತ್ತಿನಿಂದ ನನಗೊಂದು ವಿಷಯ ಗೊತ್ತಾಗಿತ್ತು, ಅತ್ತೆಗೆ ಅದು ಗೊತ್ತಾಗಬಾರದು ಎಂದು ನನ್ನ ಆಸೆ. ಆ ಹಾಡಿನ ಮೇಲೆಯೇ ಅತ್ತೆ ನಮ್ಮ ಮನೆಯಲ್ಲಿ ಉಳಿದಿದ್ದು. ಅದು ಹೇಗೆ ಅಂತ ಹೇಳಬೇಕಾದರೆ ಹರಿಹರದ ಕ್ವಾರ್ಟರ್ಸಿಗೆ ಹೋಗಬೇಕು.

ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೇಲಿನ ಕೆಲಸದಲ್ಲಿದ್ದ. ನಮ್ಮದು ಸಾಲು ಮನೆಗಳಲ್ಲಿ ಕೊನೆಯದು, ಮೂರು ಕೋಣೆ. ಮುಂದಿನ ಕೋಣೆಯಲ್ಲಿ ಅಜ್ಜಿಯ ಮಂಚ, ಅಪ್ಪನ ಸೈಕಲ್ಲು, ನನ್ನ ಸಂಗೀತದ ಚಾಪೆ. ಹಿಂದೆ ಅಡುಗೆಮನೆ, ಅಲ್ಲಿ ಅಮ್ಮ ಸಂಜೆ ಮಂಡಕ್ಕಿಗೆ ಒಗ್ಗರಣೆ ಹಾಕಿದರೆ ಸಾಲಿನ ಆ ತುದಿಯವರಿಗೂ ಸೀನು ಬರುತ್ತಿತ್ತು. ನಡುವಿನ ಕೋಣೆಗೆ ಕಿಟಕಿ ಇರಲಿಲ್ಲ. ಅದು ಅತ್ತೆಯ ಕೋಣೆ. ನನಗೆ ಒಂಬತ್ತು ವರ್ಷವಿದ್ದಾಗ ಅವರು ಇಂಗ್ಲೆಂಡಿನಿಂದ ವಾಪಸ್ಸು ಬಂದು ಆ ಕೋಣೆ ಸೇರಿ, ದಾವಣಗೆರೆಯ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ ಹಿಡಿದರು. ಮದುವೆಯಾದ ವರ್ಷದಲ್ಲೇ ಗಂಡ ತೀರಿಕೊಂಡಿದ್ದರಿಂದ, ತಾತ ಹಟ ಹಿಡಿದು ಮಗಳಿಗೆ ನರ್ಸಿಂಗ್ ಓದಿಸಿದ್ದರಂತೆ. ಅಲ್ಲಿಂದ ಅವರು ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಗೆ ಹೋದರು. ತಾತ ಹೋದ ಮೇಲೆ ಅಜ್ಜಿ ಕರೆಸಿಕೊಂಡರು. ಕರೆಸಿಕೊಂಡಿದ್ದು ಅಜ್ಜಿಯೇ, ಬಂದ ಮಗಳನ್ನು ಕಂಡು ಗಾಬರಿಯಾಗಿದ್ದೂ ಅಜ್ಜಿಯೇ. ಕೂದಲು ಕಿವಿಯ ಕೆಳಗೆ ಕತ್ತರಿಸಿತ್ತು. ಪೆಟ್ಟಿಗೆಯಲ್ಲಿ ಚಿನ್ನವೂ ಇಲ್ಲ, ಚೀನಾ ರೇಷ್ಮೆಯೂ ಇಲ್ಲ. ಒಂದು ಸಣ್ಣ ರೆಕಾರ್ಡ್ ಪ್ಲೇಯರು, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ರೆಕಾರ್ಡುಗಳು, ಅಷ್ಟೆ.

ಆ ರೆಕಾರ್ಡುಗಳನ್ನು ಕೊಟ್ಟವಳು ಡಾಫ್ನಿ, ಅತ್ತೆಯ ಜೊತೆ ರಾತ್ರಿ ಪಾಳಿ ಮಾಡುತ್ತಿದ್ದ ಜಮೈಕಾದ ನರ್ಸು. ಶನಿವಾರ ಸಂಜೆ ಡಾಫ್ನಿ ಅತ್ತೆಯನ್ನು ಒಂದು ಕ್ಲಬ್ಬಿಗೆ ಎಳೆದುಕೊಂಡು ಹೋಗುತ್ತಿದ್ದಳಂತೆ. ಕ್ಲಬ್ಬು ಅಂದರೆ ಯಾವುದೋ ಅಂಗಡಿಯ ಕೆಳಗಿನ ನೆಲಮಾಳಿಗೆ. ಬೇರೆ ಕಡೆ ಬಾಗಿಲಲ್ಲೇ ತಡೆಯುತ್ತಿದ್ದವರನ್ನು ಅಲ್ಲಿ ಯಾರೂ ತಡೆಯುತ್ತಿರಲಿಲ್ಲ. ಜಮೈಕಾದ ಗಾಯಕರು ಕಿಂಗ್‌ಸ್ಟನ್ನಿನಿಂದ ಬಂದು ಹಾಡುತ್ತಿದ್ದರು. ಮೊದಮೊದಲು ಓಡುವ ಹಾಡುಗಳು, ಸ್ಕಾ ಅಂತ. ಒಂದು ಬೇಸಿಗೆ ಬಂದಾಗ ಅದೇ ಹಾಡು ನಿಧಾನವಾಯಿತು, ಸೊಂಟಕ್ಕೆ ಇಳಿಯಿತು, ಅದಕ್ಕೆ ರಾಕ್‌ಸ್ಟೆಡಿ ಅಂದರು. ಗೋಡೆಗಳು ಬೆವರುತ್ತಿದ್ದವು, ತಲೆ ಸಣ್ಣಗೆ ಕತ್ತರಿಸಿಕೊಂಡ ಬಿಳಿ ಹುಡುಗರೂ ಬಂದು ಮೂಲೆಯಲ್ಲಿ ನಿಂತು ಹೆಜ್ಜೆ ಕಲಿಯುತ್ತಿದ್ದರು ಎಂದು ಅತ್ತೆ ಹೇಳುತ್ತಿದ್ದರು. ಅವರಿಗೆ ಇಷ್ಟವಾದವನು ಕಪ್ಪು ಟೋಪಿ ಹಾಕಿಕೊಂಡು ಹಾಡುವ ಒಬ್ಬ. ಅವನ ಹೆಸರು ಅಜ್ಜಿಯ ಬಾಯಲ್ಲಿ ತಿರುಗುತ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಅವನು ಟೋಪಿಯವನು. ಅಜ್ಜಿ ಮಧ್ಯಾಹ್ನ ಮಲಗಿದಾಗ ಅತ್ತೆ ಬಾಗಿಲು ಮುಂದೆ ಮಾಡಿ ಟೋಪಿಯವನನ್ನು ಸಣ್ಣ ದನಿಯಲ್ಲಿ ಹಚ್ಚುತ್ತಿದ್ದರು. ನನಗೆ ಹೆಜ್ಜೆ ಹೇಳಿಕೊಟ್ಟರು. ಪಾದ ನೆಲ ಬಿಡಬಾರದು, ಮೊಣಕಾಲು ಮಾತ್ರ ಮಡಿಯಬೇಕು, ಕೈ ಎರಡೂ ಒದ್ದೆ ಬಟ್ಟೆ ಹಿಂಡುವ ಹಾಗೆ. ಒಂದು ದಿನ ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳ ಮೊಣಕಾಲೂ ಸೀರೆಯೊಳಗೆ ಮಡಿಯುತ್ತಿತ್ತು.

ಆ ರೆಕಾರ್ಡುಗಳಲ್ಲಿ ಒಂದು ತೊಂದರೆ ಇತ್ತು. ಇಂಗ್ಲೆಂಡಿನಲ್ಲಿ ಮಾಡಿದವಕ್ಕೆ ನಡುವೆ ಸಣ್ಣ ತೂತು, ಪ್ಲೇಯರಿನ ಕಡ್ಡಿಗೆ ಸರಿಯಾಗಿ ಕೂರುತ್ತದೆ. ಇವು ಜಮೈಕಾದಿಂದಲೇ ಬಂದವು, ನಡುವಿನ ತೂತು ಸಣ್ಣ ನಿಪ್ಪಟ್ಟಿನಷ್ಟು. ಅದನ್ನು ತುಂಬಲು ಒಂದು ಬಿಲ್ಲೆ ಬೇಕು. ಆ ಬಿಲ್ಲೆ ಹಡಗಿನಲ್ಲಿ ಎಲ್ಲೋ ಕಳೆದುಹೋಗಿತ್ತು. ಹಾಗಾಗಿ ಅತ್ತೆ ಕಣ್ಣಳತೆಯಲ್ಲಿ ರೆಕಾರ್ಡನ್ನು ನಡುವಿಗೆ ಇಟ್ಟು ಹಚ್ಚುತ್ತಿದ್ದರು. ಅದು ಸರಿಯಾಗಿ ನಡುವಿಗೆ ಎಲ್ಲಿ ಬರುತ್ತದೆ, ಸುತ್ತುವಾಗ ಒಂದು ಕಡೆ ಜಗ್ಗುತ್ತಿತ್ತು. ಆ ಜಗ್ಗುವಿಕೆಗೆ ಹಾಡೂ ಮೇಲೆ ಕೆಳಗೆ ತೂಗುತ್ತಿತ್ತು. ನಾವು ಕೇಳಿದ್ದೇ ಹಾಗೆ, ಹಾಗಾಗಿ ಹಾಡೇ ಹಾಗೆ ಅಂದುಕೊಂಡಿದ್ದೆವು.

ವಾರಕ್ಕೆರಡು ಸಲ ಮೈಸೂರು ಕಡೆಯ ಶ್ರೀಕಂಠಯ್ಯ ಮೇಷ್ಟ್ರು ನನಗೆ ಪಾಠ ಹೇಳಲು ಬರುತ್ತಿದ್ದರು. ಅಜ್ಜಿಗೆ ಅವರ ಮಾತು ಅಂದರೆ ಮುಗಿಯಿತು. ನಾನು ಕಾನ್ವೆಂಟಿನಲ್ಲಿ ಬೆಳಿಗ್ಗೆ ಸಿಸ್ಟರುಗಳ ಜೊತೆ ನಿಂತು ಪ್ರಾರ್ಥನೆ ಹಾಡಿ ಹಾಡಿ, ಸಂಜೆ ಮೇಷ್ಟ್ರ ಮುಂದೆ ಕೂತರೂ ಸ್ವರಗಳು ಅಳತೆಪಟ್ಟಿ ಹಿಡಿದು ಎಳೆದ ಗೆರೆಯ ಹಾಗೆ ಬರುತ್ತಿದ್ದವು. ಮೇಷ್ಟ್ರು ಅದಕ್ಕೆ ಕಾನ್ವೆಂಟ್ ಸ್ವರ ಅನ್ನುತ್ತಿದ್ದರು. ಬರೀ ಸ್ವರ ಬಡಿಸಬೇಡ, ತೂಗು, ತೊಟ್ಟಿಲು ತೂಗೋ ಹಾಗೆ ತೂಗು ಎಂದು ಗೋಗರೆಯುತ್ತಿದ್ದರು. ಅತ್ತೆ ಅಡುಗೆಮನೆಯ ಹೊಸಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ನನ್ನ ಸ್ವರ ಕೆಟ್ಟಿದ್ದು ಆ ಟೋಪಿಯವನಿಂದ ಅಂತ ಅಜ್ಜಿಗೆ ಹೇಗೋ ಮನಸ್ಸಿಗೆ ಬಂತು. ಒಂದು ಮಧ್ಯಾಹ್ನ ನಿದ್ದೆ ಬಾರದೆ ಎದ್ದು ಬಂದವರು ನಡುವಿನ ಕೋಣೆಯ ಬಾಗಿಲು ತಳ್ಳಿದರು. ನಾನೂ ಅತ್ತೆಯೂ ಕೈಯಲ್ಲಿಲ್ಲದ ಬಟ್ಟೆ ಹಿಂಡುತ್ತಾ ನಿಂತಿದ್ದೆವು. ಆ ಸಂಜೆ ಊಟಕ್ಕೆ ಕೂತಾಗ ಯಾರ ಮುಖವನ್ನೂ ನೋಡದೆ, ತಟ್ಟೆ ನೋಡಿಕೊಂಡು ಅಜ್ಜಿ ಅಪ್ಪನಿಗೆ ಹೇಳಿದರು:

“ನಾಳೆ ಮೇಷ್ಟ್ರು ಬರ್ತಾರಲ್ಲ, ಅವರಿಗೇ ಕೇಳಿಸಿಬಿಡೋಣ. ಇದು ಸಂಗೀತ ಅಲ್ಲ ಅಂತ ಅವರ ಬಾಯಲ್ಲಿ ಬಂತೋ, ಇವಳು ದಾವಣಗೆರೆ ಆಸ್ಪತ್ರೆ ಹತ್ರನೇ ರೂಮು ಮಾಡ್ಕೊಂಡಿರಲಿ. ಬೆಳೆಯೋ ಹುಡುಗಿ ಇರೋ ಮನೆ ಇದು.”

ಅಪ್ಪ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಅಮ್ಮ ಎದ್ದು ಹೋಗಿ ಯಾರೂ ಕೇಳದ ಮಜ್ಜಿಗೆ ತಂದಳು. ಅತ್ತೆ ಮಾತ್ರ ಆಗಲಿ ಅಂದು, ಊಟ ಮುಗಿಸಿ, ಎಲ್ಲರ ಹಾಸಿಗೆ ಹಾಸಿದರು. ಎಲ್ಲ ಮೂಲೆಗೂ ಆಸ್ಪತ್ರೆ ಮಡಿಕೆ. ನಾನು ಆ ಮಡಿಕೆಯೊಳಗೆ ಕಾಲು ತೂರಿಸಿಕೊಂಡು, ನಾಳಿದ್ದಿನಿಂದ ಹಾಸಿಗೆ ಯಾರು ಹಾಸುತ್ತಾರೆ ಅಂತ ಯೋಚಿಸುತ್ತಾ ಮಲಗಿದೆ.

ಮಾರನೆಯ ದಿನ ಮೇಷ್ಟ್ರು ಬಂದು ಕೈಕಾಲು ತೊಳೆದು ಚಾಪೆಯ ಮೇಲೆ ಕೂತರು. ಅತ್ತೆ ಪ್ಲೇಯರನ್ನು ತಂದು ಅವರ ಮುಂದಿಟ್ಟು, ರೆಕಾರ್ಡನ್ನು ಬೆರಳಿನಿಂದ ಸ್ವಲ್ಪ ಆಚೆ ಸ್ವಲ್ಪ ಈಚೆ ಸರಿಸಿ, ಮುಳ್ಳು ಇಟ್ಟರು. ಟೋಪಿಯವನು ಶುರುಮಾಡಿದ. ಮೇಷ್ಟ್ರು ಮೊದಲು ತಾಳ ಹಾಕಿ ನೋಡಿದರು. ಗಿಟಾರಿನ ಚಕ್ ಅನ್ನುವ ಏಟು ಅವರ ಕೈ ತೊಡೆಗೆ ಬೀಳುವಾಗ ಬರುತ್ತಿರಲಿಲ್ಲ, ಕೈ ಮೇಲೆದ್ದಾಗ ಬರುತ್ತಿತ್ತು. ಅವರ ಹುಬ್ಬು ಗಂಟಾಯಿತು. ಅಜ್ಜಿ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. ಮೇಷ್ಟ್ರು ಇನ್ನೊಂದು ಸಲ ಹಾಕಿಸಿ ಕಣ್ಣು ಮುಚ್ಚಿಕೊಂಡರು. ಮುಗಿದ ಮೇಲೆ ಮಾತಾಡಿದ್ದು ಅಜ್ಜಿಯ ಕಡೆ ತಿರುಗಿ:

“ತಾಳ ತಪ್ಪಿಲ್ಲಮ್ಮ ಇವನು, ತಾಳದ ಸಂದಿಯಲ್ಲಿ ಕೂತಿದ್ದಾನೆ. ಅದು ಕಷ್ಟ. ಸ್ವರ ನೋಡಿ, ಒಂದನ್ನಾದರೂ ಬೋಳಾಗಿ ಬಿಟ್ಟಿದ್ದಾನಾ? ಹೀಗೆ ಸ್ವರ ತೂಗೋ ಗಮಕಕ್ಕೆ ನಮ್ಮಲ್ಲಿ ಆಂದೋಲಿತ ಅಂತೀವಿ. ಪಕ್ಕವಾದ್ಯದವರೂ ಅವನ ಗಮಕವನ್ನೇ ಹಿಡಿದುಕೊಂಡು ಹೋಗ್ತಾರಲ್ಲ, ಎಂಥಾ ಶಿಸ್ತು! ನಮ್ಮ ವಿಜಿಗೆ ದಿನಾ ಕೇಳಿಸಿ.”

ಅಜ್ಜಿ ಸೆರಗಿನಿಂದ ಪ್ಲೇಯರಿನ ಮೇಲೆ ಇಲ್ಲದ ಧೂಳು ಒರೆಸಿದರು. ಆಮೇಲೆ ಅಪ್ಪನಿಗೆ ಎರಡೇ ಮಾತು ಹೇಳಿದರು.

“ಇರ್ಲಿ ಬಿಡು.”

ಅಜ್ಜಿ ಹೇಳಿದ್ದು ಪ್ಲೇಯರಿನ ಬಗ್ಗೆಯೋ ಮಗಳ ಬಗ್ಗೆಯೋ ಯಾರೂ ಕೇಳಲಿಲ್ಲ. ಎರಡೂ ಉಳಿದವು. ದಾವಣಗೆರೆಯ ಆಸ್ಪತ್ರೆಗೆ ಅತ್ತೆ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದರು, ನನ್ನ ಮದುವೆಯಾಗುವವರೆಗೂ. ನನಗೆ ಜ್ವರ ಬಂದರೆ ಮೊದಲು ಹಣೆಗೆ ಬರುತ್ತಿದ್ದುದು ಅವರ ಕೈ. ಹೆದರದೆ ಒಬ್ಬಳೇ ಪ್ರಯಾಣ ಮಾಡುವುದು, ನಾಚದೆ ಪ್ರಶ್ನೆ ಕೇಳುವುದು ಕಲಿಸಿದ್ದೂ ಅವರೇ. ಮದುವೆಯಾಗಿ ಈ ದೇಶಕ್ಕೆ ಬಂದು, ಮೊದಲ ಹಿಮದ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒದ್ದೆ ಬಟ್ಟೆ ಹಿಂಡುವ ಹೆಜ್ಜೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ನಡುವಿನ ಕೋಣೆಯಿಲ್ಲದಿದ್ದರೆ ನಾನು ಬೇರೆಯೇ ಯಾರೋ ಆಗಿರುತ್ತಿದ್ದೆ.

ಮೇಘಾಳ ಫೋನಿನಲ್ಲಿ ನಾನು ಕೇಳಿದ್ದು ಅದೇ ಹಾಡು, ಅದೇ ದನಿ. ಆದರೆ ಸ್ವರಗಳು ನೆಟ್ಟಗೆ, ನನ್ನ ಕಾನ್ವೆಂಟ್ ಸ್ವರದಷ್ಟೇ ನೆಟ್ಟಗೆ ನಿಂತಿದ್ದವು. ತೂಗಾಟವೇ ಇಲ್ಲ. ಮೇಷ್ಟ್ರು ಹೊಗಳಿದ ಗಮಕ ಟೋಪಿಯವನದಲ್ಲ, ನಡು ತಪ್ಪಿದ ರೆಕಾರ್ಡಿನದು. ಅತ್ತೆಗೆ ಆ ಮನೆಯಲ್ಲಿ ಸಿಕ್ಕ ಜಾಗ ಒಂದು ತಪ್ಪಿನ ಮೇಲೆ ನಿಂತಿತ್ತು ಅಂತ ಈ ವಯಸ್ಸಿನಲ್ಲಿ ಅವರಿಗೆ ತಿಳಿಯುವುದು ಯಾಕೆ? ಕಾರಿನಲ್ಲಿ ನಾನು ಸುತ್ತಿ ಬಳಸಿ ಹೇಳಿ ನೋಡಿದೆ. ಅವನಿಗೂ ವಯಸ್ಸಾಗಿದೆ ಅತ್ತೆ, ನಮ್ಮ ರೆಕಾರ್ಡಿನ ಹಾಗೆ ಹಾಡೋದಕ್ಕೆ ಆಗದೇ ಇರಬಹುದು, ಬೇಜಾರು ಮಾಡ್ಕೋಬೇಡಿ ಅಂದೆ. ಅತ್ತೆ ಹೊರಗೆ ಎಕ್ಸಿಟ್ ಬೋರ್ಡುಗಳನ್ನು ಓದುತ್ತಾ ಹ್ಞೂಂ ಅಂದರು. ಮೇಘಾ ಕನ್ನಡಿಯಲ್ಲಿ ನನ್ನ ನೋಡಿ, “ಅಮ್ಮ, ವೈ ಆರ್ ಯು ಸೋ ನರ್ವಸ್?” ಅಂದಳು.

ಹಾಲಿನಲ್ಲಿ ನೂರು ಜನವೂ ಇರಲಿಲ್ಲ. ಅರ್ಧ ಬಿಳಿ ತಲೆಗಳು, ಅರ್ಧ ಯೂನಿವರ್ಸಿಟಿ ಹುಡುಗರು. ಟೋಪಿಯವನನ್ನು ಇಬ್ಬರು ಕೈ ಹಿಡಿದು ತಂದು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಟೋಪಿ ಮಾತ್ರ ಅದೇ, ಕಪ್ಪು, ಸ್ವಲ್ಪ ಎಡಕ್ಕೆ. ಗಿಟಾರು ಚಕ್ ಚಕ್ ಅಂತು. ನಾನು ವೇದಿಕೆ ನೋಡಲೇ ಇಲ್ಲ, ಅತ್ತೆಯ ಮುಖ ನೋಡುತ್ತಾ ಕೂತೆ. ನಮ್ಮ ಹಾಡು ಬಂತು. ದನಿ ತೆಳುವಾಗಿತ್ತು, ಆದರೂ ಸ್ವರಗಳು ಕಂಬ ನೆಟ್ಟ ಹಾಗೆ ನೆಟ್ಟಗೆ. ಅತ್ತೆಯ ಮುಖ ಬಾಡಲಿಲ್ಲ. ಅವರ ಪಾದ ನೆಲದಲ್ಲೇ ಇತ್ತು, ಮೊಣಕಾಲು ಮಡಿಯುತ್ತಿತ್ತು, ಗೊಂಚಲು ಟಿಣ್ ಟಿಣ್ ಅನ್ನುತ್ತಿತ್ತು, ಪ್ರತಿ ಸಲವೂ ತಾಳದ ಸಂದಿಯಲ್ಲಿ. ಹಾಡು ಮುಗಿದು ಚಪ್ಪಾಳೆಯಾದಾಗ ನನ್ನ ಕಿವಿಗೆ ಬಾಗಿ, ಅವತ್ತೂ ಹಿಂಗೇ ಹಾಡ್ತಿದ್ದ ಕಣೇ, ಏನೂ ಬದಲಾಗಿಲ್ಲ ಅಂದರು.

ಪಾರ್ಕಿಂಗಿಗೆ ಬರುವವರೆಗೆ ಆ ಮಾತು ನನ್ನ ತಲೆಗೆ ಹತ್ತಿರಲಿಲ್ಲ. ಹತ್ತಿದ ಮೇಲೆ ನಿಂತುಬಿಟ್ಟೆ.

“ಅತ್ತೆ, ಹಾಗಾದ್ರೆ ಅವನು ನೆಟ್ಟಗೆ ಹಾಡ್ತಾನೆ ಅಂತ ನಿಮಗೆ ಗೊತ್ತಿತ್ತಾ?”

“ಎದುರಿಗೆ ನಿಂತು ಕೇಳಿದವಳು ನಾನು. ಗೊತ್ತಿರಲ್ವೇನೆ?”

“ಮತ್ತೆ ಮೇಷ್ಟ್ರು?”

ಅತ್ತೆ ಸೊಂಟದಿಂದ ಗೊಂಚಲು ಬಿಚ್ಚಿ, ಹಿತ್ತಾಳೆ ಬಿಲ್ಲೆಯನ್ನು ಕಷ್ಟಪಟ್ಟು ಉಂಗುರದಿಂದ ಜಾರಿಸಿ ನನ್ನ ಅಂಗೈಯಲ್ಲಿ ಇಟ್ಟರು. ಮೈಶಾಖಕ್ಕೆ ಬೆಚ್ಚಗಿತ್ತು. ಅಂಚು ಎಷ್ಟು ನುಣುಪು ಅಂದರೆ ಲೇತ್ ಮೇಲೆ ತಿರುಗಿಸಿದ್ದು ಅಂತ ಯಾರಿಗಾದರೂ ತಿಳಿಯುತ್ತಿತ್ತು. ಲೇತ್ ಕೆಲಸದವನ ಮಗಳಾದ ನನಗೆ ಇಷ್ಟು ವರ್ಷ ತಿಳಿಯಲಿಲ್ಲ. ಅತ್ತೆ ಹೇಳಿದರು, ಮೇಷ್ಟ್ರಿಗೆ ಹಾಡು ಕೇಳಿಸಿದ ದಿನಕ್ಕೆ ಒಂದು ವಾರ ಮೊದಲೇ ಅಪ್ಪ ಇದನ್ನು ಮಾಡಿ ತಂದುಕೊಟ್ಟಿದ್ದನಂತೆ. ಸರಿಯಾಗಿ ಕೂತಿತು, ಹಾಡು ನೆಟ್ಟಗಾಯಿತು. ಆವತ್ತೇ ಸಂಜೆ ಹೊಸಿಲಲ್ಲಿ ಕೂತು ಮೇಷ್ಟ್ರು ನನಗೆ ತೂಗು ತೂಗು ಅಂತ ಗೋಗರೆಯುವುದನ್ನು ಕೇಳಿದರು. ಅಜ್ಜಿ ಒಂದಲ್ಲ ಒಂದು ದಿನ ಮೇಷ್ಟ್ರನ್ನೇ ಕೇಳುತ್ತಾರೆ ಅನ್ನಿಸಿ, ಬಿಲ್ಲೆಯನ್ನು ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟರು. ಅಪ್ಪನಿಗೆ ಯಾಕೋ ಸರಿಯಾಗಿ ಕೂರಲಿಲ್ಲ ಅಂದರು. ಕೂದಲೆಳೆಯಷ್ಟೂ ತಪ್ಪದ ಅಪ್ಪ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದನಂತೆ. ಆ ದಿನಗಳು ನನಗೂ ನೆನಪಿದ್ದವು. ಕಾರಣ ಗೊತ್ತಿರಲಿಲ್ಲ.

“ಆ ಕ್ಲಬ್ಬಲ್ಲಿ ಯಾರೂ ನನ್ನ ಹಣೆ ನೋಡಿ ಮಾತಾಡಿಸ್ತಿರಲಿಲ್ಲ ವಿಜಿ. ಅದನ್ನೂ ಬಿಡೋದಕ್ಕಾಗಲ್ಲ, ನಿಮ್ಮನ್ನೂ ಬಿಡೋದಕ್ಕಾಗಲ್ಲ. ಏನು ಮಾಡಲಿ? ಟೋಪಿ ಹಾಕ್ಕೊಂಡಿದ್ದು ಅವನು, ಟೋಪಿ ಹಾಕಿದ್ದು ನಾನು.”

ಮೇಘಾಗೆ ಈ ಮಾತಿನ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ನಾವು ಅರ್ಧ ದಾರಿ ಬಂದಿದ್ದೆವು. ಅವಳು ನಗುತ್ತಾ ನಗುತ್ತಾ ನಮ್ಮ ಎಕ್ಸಿಟ್ ದಾಟಿಬಿಟ್ಟಳು. ನಾನೂ ನಕ್ಕೆ. ಒಳಗೊಳಗೆ ನನ್ನ ಎದೆ ಹಗುರವಾಗಿತ್ತು. ಅತ್ತೆಯ ಜಾಗ ಯಾರ ತಪ್ಪಿನ ಮೇಲೂ ನಿಂತಿರಲಿಲ್ಲ, ಅವರೇ ಬೆರಳಿಂದ ಸರಿಸಿ ಸರಿಸಿ ಮಾಡಿಕೊಂಡಿದ್ದು. ಅಪ್ಪನಿಗೆ ಆಮೇಲಾದರೂ ಹೇಳಿದ್ರಾ ಅಂತ ಕೇಳಿದೆ. ಹೇಳಿದ್ದರಂತೆ, ನಾನು ಈ ದೇಶಕ್ಕೆ ಬಂದ ಮೇಲೆ. ಅಪ್ಪ ಎಲ್ಲ ಕೇಳಿ, ಸದ್ಯ, ಬಿಲ್ಲೆ ಸರಿಯಾಗಿತ್ತಲ್ಲ, ಅಷ್ಟು ಸಾಕು ಅಂದನಂತೆ.

ಮನೆಗೆ ಬಂದು ದೀಪ ಹಚ್ಚಿ, ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ಮೇಘಾ ಪ್ಲೇಯರನ್ನು ಊಟದ ಮೇಜಿನ ಮೇಲೆ ಇಟ್ಟಳು. ಅತ್ತೆ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ರೆಕಾರ್ಡಿನ ನಡುವೆ ಇಟ್ಟು ಹೆಬ್ಬೆರಳಿಂದ ಒತ್ತಿದರು. ಟಕ್ ಅಂತ ಕೂತಿತು. ಅಪ್ಪ ಹೋಗಿ ಎಷ್ಟೋ ವರ್ಷವಾದ ಮೇಲೆ, ಅವನ ಕೈಯ ಅಳತೆ ನನ್ನ ಅಡುಗೆಮನೆಯಲ್ಲಿ ಸರಿಯಾಗಿ ಕೂತಿದ್ದನ್ನು ನೋಡಿ ನಾನು ಸ್ವಲ್ಪ ಹೊತ್ತು ಒಲೆಯ ಕಡೆ ತಿರುಗಿ ನಿಂತೆ. ಟೋಪಿಯವನು ನೆಟ್ಟಗೆ ಹಾಡಿದ, ಮಧ್ಯಾಹ್ನ ಹಾಡಿದ ಹಾಗೆಯೇ, ಆದರೆ ಎಳೆ ವಯಸ್ಸಿನ ದನಿಯಲ್ಲಿ. ಚೆನ್ನಾಗಿತ್ತು. ಮುಗಿದ ಮೇಲೆ ಅತ್ತೆ ನನ್ನ ಮುಖ ನೋಡಿದರು. ನಾನು ಬಾಯಿ ಬಿಡುವ ಮೊದಲೇ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟು, ರೆಕಾರ್ಡನ್ನು ಬೆರಳಿನಿಂದ ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಸಿ ಮುಳ್ಳು ಇಟ್ಟರು.

ಹಾಡು ತೂಗಿತು. ತುತ್ತೂರಿಗಳೂ ಅವನ ಹಿಂದೆ ತೂಗಿಕೊಂಡು ಹೋದವು. ಅತ್ತೆ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು, ಪಾದ ನೆಲದಲ್ಲಿ, ಕೈ ಬಟ್ಟೆ ಹಿಂಡುವ ಹಾಗೆ. ಮೇಘಾ ಅವರನ್ನು ನೋಡಿ ಕಲಿಯುತ್ತಿದ್ದಳು. ನಾನು ಒಗ್ಗರಣೆಯ ಸೌಟು ಹಿಡಿದುಕೊಂಡೇ ಸೇರಿಕೊಂಡೆ. ಅಷ್ಟರಲ್ಲಿ ಹಿಂದಿನ ಬಾಗಿಲು ಸರಿಸಿಕೊಂಡು ಶಾಂತಕ್ಕ ಒಳಗೆ ಬಂದರು, ಇಡ್ಲಿ ತಟ್ಟೆಗಳನ್ನು ಎದೆಗವುಚಿಕೊಂಡು. ಸುತ್ತುತ್ತಿದ್ದ ರೆಕಾರ್ಡು ಒಂದು ಕಡೆ ಜಗ್ಗುವುದನ್ನು ಕನ್ನಡಕದ ಮೇಲಿಂದ ನೋಡಿ, ನಿಮ್ಮ ಮಷಿನ್ ಸೊಟ್ಟ ತಿರಗಾಕತ್ತದಲ್ರಿ, ನಮ್ಮನಿಯವರಿಗೆ ಹೇಳಿ ರಿಪೇರಿ ಮಾಡಸ್ಲೇನು ಅಂತ ಕೇಳಿದರು. ನಾವು ಮೂವರೂ ಬಟ್ಟೆ ಹಿಂಡುತ್ತಲೇ ಇದ್ದೆವು. ಅವರು ತಟ್ಟೆಗಳನ್ನು ಸಿಂಕಿನ ಪಕ್ಕ ಇಟ್ಟು, ಬಾಣಲೆಯಿಂದ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ವಾಪಸ್ಸು ಬಾಗಿಲ ಕಡೆ ನಡೆಯುತ್ತಾ ಅಂದರು:

“ಇರ್ಲಿ ಬಿಡ್ರಿ. ಹಿಂಗೂ ಚೊಲೋನ ಅದ.”